ಮೀನಮ್ಮನ ರೈಲೂ ನಮ್ಮ ಮನೆಯ ಲುಂಗಿಯೂ

2013ನೆಯ ಇಸವಿಯ ಡಿಸೆಂಬರ್ ತಿಂಗಳ ಒಂದು ಸಂಜೆ. ಕ್ಯಾಂಪಿನಲ್ಲಿ ಚಳಿ ಸಣ್ಣಗೆ ಕಚ್ಚತೊಡಗಿತ್ತು. ಈಸ್ಟ್ ಸ್ಟ್ರೀಟಿಗೆ ಹೋಗಿ ಬ್ರೆಡ್ಡು, ಬಿಸ್ಕೀಟು ಕಟ್ಟಿಸಿಕೊಂಡು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಂಬತ್ತು ವರ್ಷದ ಮೊಮ್ಮಗಳು ಶಾಲೆಯ ಚೀಲವನ್ನು ಹೆಗಲಿನಿಂದ ಇಳಿಸದೆಯೇ ಎದುರಿಗೆ ಬಂದು ನಿಂತಳು.

“ಅಜ್ಜಾ, ನಿನ್ನ ಕಡೆ ಲುಂಗಿ ಅದ ಏನು?”

“ಅದ. ಯಾಕವ್ವಾ?”

“ಗ್ಯಾದರಿಂಗಿನ್ಯಾಗ ಲುಂಗಿ ಡ್ಯಾನ್ಸ್ ಮಾಡೂದದ. ಟೀಚರ್ ನನ್ನ ಎಲ್ಲಾರಿಗಿಂತ ಮುಂದ ನಿಲ್ಲಿಸ್ಯಾರ. ನೀವು ಸೌತಿನವರು, ನಿಮಗ ಚಲೋ ಬರತದ ಅಂದ್ರು.”

ಇಷ್ಟು ಹೇಳಿ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು:

“ಅಜ್ಜಾ, ನಾವು ಮದ್ರಾಸಿಗಳೇನು?”

ಒಳಗಿನಿಂದ ನನ್ನ ಹೆಂಡತಿ ಗದರಿದಳು: “ಯಾರ ಅಂದಾವ್ರು ಹಂಗ? ನಾವು ಧಾರವಾಡದವರು ಅಂತ ಹೇಳಬಾರದೇನ?”

“ಹೇಳಿದೆ ಅಜ್ಜೀ. ಧಾರವಾಡ ಮದ್ರಾಸಿನ್ಯಾಗ ಎಲ್ಲಿ ಬರತದ ಅಂತ ಕೇಳಿದ್ರು.”

ನಾವೆಲ್ಲ ನಕ್ಕೆವು. ಮಗುವೂ ನಕ್ಕಿತು. ಲುಂಗಿ ಹುಡುಕಿ ಕೊಟ್ಟದ್ದೂ ಆಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಿದ್ದೆ ಹತ್ತದಿದ್ದುದಕ್ಕೆ ಎರಡು ಕಾರಣಗಳಿದ್ದವು. ಒಂದನ್ನು ಈಗಲೇ ಹೇಳುತ್ತೇನೆ. ಎರಡನೆಯದು ನನ್ನದೇ ತಪ್ಪಿನ ಸಂಗತಿ. ಅದಕ್ಕೆ ಸ್ವಲ್ಪ ಧೈರ್ಯ ಬೇಕು, ಕೊನೆಯಲ್ಲಿ ಹೇಳುತ್ತೇನೆ.

ಆ ವರ್ಷದ ಆಗಸ್ಟಿನಲ್ಲಿ ‘ಚೆನ್ನೈ ಎಕ್ಸ್‌ಪ್ರೆಸ್’ ಎಂಬ ಹಿಂದೀ ಚಿತ್ರ ತೆರೆಕಂಡು ಊರೆಲ್ಲ ಅದರದೇ ಮಾತಾಗಿತ್ತು. ಪ್ರೇಮ, ಪುಂಡರ ಕಾಟ, ನಗೆ ಈ ಮೂರನ್ನೂ ಒಂದೇ ಬೋಗುಣಿಯಲ್ಲಿ ಕಲಸಿದ ಚಿತ್ರ. ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮುಂಬಯಿಯ ಮಿಠಾಯಿ ಅಂಗಡಿಯ ಮನೆತನದ ರಾಹುಲನಿಗೆ ವಯಸ್ಸು ನಲವತ್ತು. ಅಜ್ಜ ತೀರಿಕೊಂಡಿದ್ದಾನೆ. ಅಸ್ಥಿಯನ್ನು ರಾಮೇಶ್ವರದಲ್ಲಿ ಬಿಟ್ಟು ಬಾ ಎಂದು ಅಜ್ಜಿ ಕಳಿಸುತ್ತಾಳೆ. ಇವನಿಗೋ ಗೆಳೆಯರೊಡನೆ ಗೋವೆಗೆ ಹೋಗುವ ಚಪಲ. ಅಜ್ಜಿಯನ್ನು ನಂಬಿಸಲು ಚೆನ್ನೈ ರೈಲು ಹತ್ತಿ, ಕಲ್ಯಾಣದಲ್ಲಿ ಸದ್ದಿಲ್ಲದೆ ಇಳಿದುಬಿಡುವ ಹಂಚಿಕೆ ಹಾಕುತ್ತಾನೆ. ಇಳಿಯುವ ಹೊತ್ತಿಗೆ ಓಡುತ್ತ ಬಂದ ಹುಡುಗಿಯೊಬ್ಬಳಿಗೆ ಕೈಕೊಟ್ಟು ಹತ್ತಿಸಿಕೊಳ್ಳುತ್ತಾನೆ. ಅವಳ ಬೆನ್ನ ಹಿಂದೆಯೇ ನಾಲ್ವರು ದಾಂಡಿಗರೂ ಹತ್ತುತ್ತಾರೆ. ಅಷ್ಟರಲ್ಲಿ ರೈಲು ವೇಗ ಹಿಡಿದಿರುತ್ತದೆ. ಹುಡುಗಿಯ ಹೆಸರು ಮೀನಮ್ಮ. ತಮಿಳುನಾಡಿನ ಒಂದು ಹಳ್ಳಿಯಲ್ಲಿ ಅವಳ ತಂದೆಯ ಮಾತೇ ಕಾನೂನು. ತಂಗಬಲಿ ಎಂಬ ಆಜಾನುಬಾಹುವನ್ನು ಮದುವೆಯಾಗಲು ಒಲ್ಲೆನೆಂದು ಓಡಿಹೋಗಿದ್ದ ಅವಳನ್ನು ಮರಳಿ ಹಿಡಿದೊಯ್ಯುತ್ತಿರುವ ಬಂಧುಗಳೇ ಆ ನಾಲ್ವರು. ಇನ್ನು ಮುಂದಿನದು ಓಟ, ಹೊಡೆದಾಟ, ಒಲವು. ಚಿತ್ರ ಮುಗಿದ ಮೇಲೆ ಲುಂಗಿಯ ಕುಣಿತ.

ಚಿತ್ರ ನೂರಾರು ಕೋಟಿ ರೂಪಾಯಿ ಗಳಿಸಿತು. ನಮ್ಮ ಮನೆಯವರೂ ಟಿಕೇಟು ತೆಗೆದು ನೋಡಿ, ಹೊಟ್ಟೆ ಹುಣ್ಣಾಗುವಂತೆ ನಕ್ಕು ಬಂದಿದ್ದೆವು. ಆ ನಗೆಯ ಬಾಕಿ ಲೆಕ್ಕ ಡಿಸೆಂಬರಿನಲ್ಲಿ ಮೊಮ್ಮಗಳ ಪ್ರಶ್ನೆಯಾಗಿ ಮನೆಗೆ ಬಂತು.

* * *

ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡುತ್ತ, ಈ ಚಿತ್ರವನ್ನು ಮಾಡಿದವರು ಯಾರು ಯಾರು ಎಂದು ಬೆರಳು ಮಡಿಸತೊಡಗಿದೆ. ನಿರ್ದೇಶಕರು ರೋಹಿತ್ ಶೆಟ್ಟಿ. ಇವರ ತಂದೆ ಎಂ. ಬಿ. ಶೆಟ್ಟಿ ನಮ್ಮ ತುಳುನಾಡಿನವರು, ಹಿಂದೀ ಚಿತ್ರಗಳಲ್ಲಿ ಬೋಳುತಲೆಯ ಖಳನಾಗಿಯೂ ಹೊಡೆದಾಟದ ಗುರುವಾಗಿಯೂ ಹೆಸರಾದವರು. ಮೀನಮ್ಮನಾದ ದೀಪಿಕಾ ಪಡುಕೋಣೆ ಬೆಂಗಳೂರಿನಲ್ಲಿ ಬೆಳೆದವರು, ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆಯವರ ಮಗಳು; ಮನೆಯ ಮಾತು ಕೊಂಕಣಿ; ಮೊದಲು ನಾಯಕಿಯಾಗಿ ಕಾಣಿಸಿಕೊಂಡದ್ದು 2006ರ ಕನ್ನಡ ಚಿತ್ರ ‘ಐಶ್ವರ್ಯ’ದಲ್ಲಿ. ಒಂದು ಹಾಡಿಗೆ ಬಂದು ಕುಣಿದು ಹೋಗುವ ಪ್ರಿಯಾಮಣಿಯವರೂ ಬೆಂಗಳೂರಿನವರೇ. ನಾಯಕ ಶಾರುಖ್ ಖಾನರ ಬಾಲ್ಯದ ಮೊದಲ ಕೆಲವು ವರ್ಷಗಳು ಮಂಗಳೂರಿನಲ್ಲಿದ್ದ ಅಜ್ಜನ ಮನೆಯಲ್ಲಿ ಕಳೆದವೆಂದು ಅವರೇ ಹೇಳಿಕೊಂಡಿದ್ದಾರೆ.

ಇನ್ನು ಲುಂಗಿಯ ಹಾಡು ಯಾರ ಗೌರವಕ್ಕೆಂದು ಮಾಡಿದ್ದು? ರಜನೀಕಾಂತರ ಗೌರವಕ್ಕೆ. ಅವರಾದರೋ 1950ರಲ್ಲಿ ಬೆಂಗಳೂರಿನಲ್ಲಿ ಮರಾಠೀ ಮನೆಮಾತಿನ ಕುಟುಂಬದಲ್ಲಿ ಶಿವಾಜಿರಾವ್ ಗಾಯಕವಾಡ ಎಂಬ ಹೆಸರಿನಿಂದ ಹುಟ್ಟಿದವರು. ಅವರ ಪೂರ್ವಿಕರ ಊರು ನಮ್ಮ ಈ ಪುಣೆ ಜಿಲ್ಲೆಯಲ್ಲೇ, ಜೇಜುರಿಯ ಹತ್ತಿರವೇ ಇದೆ. ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರರಾಗಿ ಟಿಕೇಟು ಹರಿದುಕೊಟ್ಟವರು, 1975ರಲ್ಲಿ ಕೆ. ಬಾಲಚಂದರ್ ಅವರ ತಮಿಳು ಚಿತ್ರದಿಂದ ತೆರೆಗೆ ಬಂದು, ಮರುವರ್ಷವೇ ಪುಟ್ಟಣ್ಣ ಕಣಗಾಲರ ‘ಕಥಾ ಸಂಗಮ’ದಲ್ಲಿ ಕನ್ನಡಿಗರಿಗೂ ಕಾಣಿಸಿಕೊಂಡವರು.

ಅಂದರೆ ಆ ಚಿತ್ರದ ಯಾವ ದಾರ ಹಿಡಿದೆಳೆದರೂ ಅದರ ತುದಿ ಕರ್ನಾಟಕದ ಯಾವುದೋ ಊರಿಗೆ ಗಂಟುಬಿದ್ದಿದೆ. ಆದರೆ ತೆರೆಯ ಮೇಲೆ ಕನ್ನಡವೆಲ್ಲಿ? ಹುಡುಕಬೇಕು.

ರೈಲನ್ನೇ ನೋಡಿ. ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲು ಕಲ್ಯಾಣ ದಾಟಿ ಘಟ್ಟ ಹತ್ತಿ ಮೊದಲು ಬರುವುದು ನಮ್ಮ ಪುಣೆಗೆ. ಆಮೇಲೆ ದೌಂಡ, ಸೋಲಾಪುರ. ಅಲ್ಲಿಂದ ಮುಂದೆ ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು. ನಮ್ಮಲ್ಲಿ ಎಷ್ಟೋ ಕುಟುಂಬಗಳು ರಜೆ ಬಂದೊಡನೆ ಟ್ರಂಕು, ಬುತ್ತಿಗಂಟುಗಳೊಡನೆ ಹತ್ತುವ ದಾರಿಯೇ ಇದು. ಸೋಲಾಪುರ ದಾಟಿದ ಮೇಲೆ ಚಹಾ ಮಾರುವವನ ಕೂಗೇ ಬದಲಾಗುತ್ತದೆ. ಮನೆ ಹತ್ತಿರ ಬಂತೆಂದು ಕಿವಿಗೆ ಮೊದಲು ತಿಳಿಯುತ್ತದೆ, ಆಮೇಲೆ ಕಣ್ಣಿಗೆ. ಆದರೆ ಮೀನಮ್ಮನ ರೈಲು ಮುಂಬಯಿ ಬಿಟ್ಟದ್ದು ತಮಿಳುನಾಡಿನಲ್ಲೇ ಕಣ್ಣು ಬಿಡುತ್ತದೆ. ನಡುವೆ ದೂಧಸಾಗರದ ಜಲಪಾತದ ಎದುರು ನಿಲ್ಲುತ್ತದೆ. ಕಣ್ಣಿಗೆ ಹಬ್ಬವೇ ಸರಿ. ಆದರೆ ಆ ಜಲಪಾತವಿರುವುದು ಕರ್ನಾಟಕ-ಗೋವೆಗಳ ಗಡಿಯಲ್ಲಿ, ಕ್ಯಾಸಲ್‌ರಾಕಿನಿಂದ ಕುಳೆಗೆ ಇಳಿಯುವ ಹಾದಿಯಲ್ಲಿ. ಚೆನ್ನೈ ರೈಲಿಗೂ ಅದಕ್ಕೂ ಸಂಬಂಧವಿಲ್ಲ. ಚಿತ್ರೀಕರಣದ ಒಂದು ಭಾಗ ನಡೆದದ್ದು ಇಲ್ಲೇ ನೆರೆಯ ಸಾತಾರಾ ಜಿಲ್ಲೆಯ ವಾಯಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ.

ಸಿನಿಮಾದವರು ಭೂಗೋಳದ ಪರೀಕ್ಷೆಗೆ ಕುಳಿತವರಲ್ಲ, ನಾನು ಬಲ್ಲೆ. ಆದರೆ ಮೊಮ್ಮಗಳನ್ನು “ಧಾರವಾಡ ಮದ್ರಾಸಿನಲ್ಲಿ ಎಲ್ಲಿ ಬರುತ್ತದೆ” ಎಂದು ಕೇಳಿದವರು ಭೂಗೋಳ ಕಲಿತದ್ದು ಇಂಥ ರೈಲಿನಲ್ಲಿಯೇ. ಆ ರೈಲು ಕಲಬುರಗಿಯಲ್ಲಿ ಐದು ನಿಮಿಷ ನಿಂತಿದ್ದರೆ ನಮ್ಮ ಮಗುವಿನ ಕೆಲಸ ಅಷ್ಟರಮಟ್ಟಿಗೆ ಹಗುರಾಗುತ್ತಿತ್ತು.

* * *

ಪ್ರೇಮವನ್ನೂ ಪುಂಡರನ್ನೂ ನಗೆಯನ್ನೂ ಕೂಡಿಸುವ ಈ ಬಗೆಯ ಚಿತ್ರ ನಿನ್ನೆ ಮೊನ್ನೆಯದಲ್ಲ. ಅದರ ಒಂದು ಒಳ್ಳೆಯ ಬೇರು ಪುಣೆಯಲ್ಲೇ ಇದೆ. 1944ರಲ್ಲಿ ಇಲ್ಲಿಯ ಪ್ರಭಾತ್ ಫಿಲ್ಮ್ ಕಂಪನಿಗೆ ಒಬ್ಬ ಹತ್ತೊಂಬತ್ತರ ತರುಣ ಕೆಲಸಕ್ಕೆ ಸೇರಿದ. ಬೆಂಗಳೂರಿನಲ್ಲಿ ಹುಟ್ಟಿ ಕಲಕತ್ತೆಯಲ್ಲಿ ಬೆಳೆದವನು. ಮನೆತನದ ಹೆಸರು ಪಡುಕೋಣೆ, ಅದು ಕುಂದಾಪುರದ ಕಡೆಯ ಒಂದು ಊರಿನ ಹೆಸರು. ಅವನೇ ಗುರುದತ್ತ. ಅವನ ತಾಯಿ ವಾಸಂತಿ ಪಡುಕೋಣೆಯವರು ‘ನನ್ನ ಮಗ ಗುರುದತ್ತ’ ಎಂದು ಕನ್ನಡದಲ್ಲೇ ಪುಸ್ತಕ ಬರೆದಿದ್ದಾರೆ. ಪ್ರಭಾತದ ಆ ಅಂಗಳದಲ್ಲಿಯೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂದಿತು. ಮುಂದೆ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾದರು, ಗಿರೀಶ ಕಾಸರವಳ್ಳಿಯವರು ಅಲ್ಲಿಯ ವಿದ್ಯಾರ್ಥಿಯಾದರು.

ಗುರುದತ್ತರೆಂದರೆ ‘ಪ್ಯಾಸಾ’ದ ಕಣ್ಣೀರು ಎಂದೇ ಬಹಳ ಜನರ ಎಣಿಕೆ. ಅದಕ್ಕೆ ಮೊದಲು, 1954ರಲ್ಲಿ, ಅವರು ‘ಆರ್ ಪಾರ್’ ಎಂಬ ನಗೆಯ ಚಿತ್ರ ಮಾಡಿದ್ದರು. ಬೇಕಾಬಿಟ್ಟಿ ಗಾಡಿ ಓಡಿಸಿ ಜೈಲು ಕಂಡುಬಂದ ಟ್ಯಾಕ್ಸಿ ಡ್ರೈವರ್ ಕಾಲೂ; ಅವನನ್ನು ಮೆಚ್ಚುವ ಗ್ಯಾರೇಜಿನ ಯಜಮಾನನ ಮಗಳು ನಿಕ್ಕಿ; ಬ್ಯಾಂಕು ದರೋಡೆಗೆ ಅವನ ಗಾಡಿಯ ಮೇಲೆ ಕಣ್ಣಿಟ್ಟ ಖದೀಮರು; ಜಾನಿ ವಾಕರರ ನಗೆಪಾತ್ರ ರುಸ್ತುಮ. ಸಂಭಾಷಣೆ ಬರೆದವರು ಅಬ್ರಾರ್ ಅಲ್ವಿ. ಅಂದಿನ ಹಿಂದೀ ಚಿತ್ರಗಳಲ್ಲಿ ರಾಜನೂ ಅದೇ ಪುಸ್ತಕದ ಭಾಷೆ, ರೈತನೂ ಅದೇ ಪುಸ್ತಕದ ಭಾಷೆ ಆಡುತ್ತಿದ್ದರೆ, ಅಲ್ವಿಯವರು ಒಬ್ಬೊಬ್ಬರ ಬಾಯಲ್ಲಿ ಅವರವರ ಪ್ರಾಂತದ ವರಸೆ ಇಟ್ಟರು. ಗ್ಯಾರೇಜಿನ ಲಾಲಾಜಿಯ ಮಾತಿನಲ್ಲಿ ಪಂಜಾಬಿನ ಗತ್ತು ಉಂಟು. ಮುಂಬಯಿಯ ಬೀದಿಯಲ್ಲಿ ನಿಂತರೆ ಕಿವಿಗೆ ಬೀಳುವ ಹತ್ತು ಬಗೆಯ ಹಿಂದೀ ಅಲ್ಲಿ ಇದೆ. ಆದರೂ ಯಾವನೂ ತನ್ನ ಮಾತಿನ ದೆಸೆಯಿಂದ ಮೂರ್ಖನಾಗುವುದಿಲ್ಲ. ಮೂರ್ಖನಾದರೆ ತನ್ನ ಬುದ್ಧಿಯ ದೆಸೆಯಿಂದಲೇ ಆಗುತ್ತಾನೆ.

ಮುಂದೆ ದಾರಿ ಸ್ವಲ್ಪ ಅಡ್ಡಹಿಡಿಯಿತು. 1968ರಲ್ಲಿ ‘ಪಡೋಸನ್’ ಬಂದಾಗ ನಾನು ಧಾರವಾಡದಲ್ಲಿ ಕಾಲೇಜು ಹುಡುಗ. ಮೆಹಮೂದರ ಮಾಸ್ಟರ್ ಪಿಳ್ಳೆಯನ್ನು ನೋಡಿ ಕುರ್ಚಿಯ ಮೇಲೆ ಎಗರಿ ಎಗರಿ ನಕ್ಕಿದ್ದೆ. ಪಿಳ್ಳೆ ನಿಜವಾಗಿ ಸಂಗೀತ ಬಲ್ಲವನು. ಎದುರು ಕಿಟಕಿಯ ನಾಯಕ ಗೆಳೆಯನ ದನಿಗೆ ಬರಿಯ ಬಾಯಿ ಆಡಿಸುವವನು. ಕೊನೆಗೆ ಹುಡುಗಿ ದಕ್ಕುವುದು ಬಾಯಿ ಆಡಿಸಿದವನಿಗೆ. ವಿದ್ಯೆ ಇದ್ದವನಿಗೆ ಪ್ರೇಕ್ಷಕರ ನಗೆಯಷ್ಟೇ. ಐದು ವರ್ಷದ ಮೇಲೆ ನೌಕರಿಗೆಂದು ಪುಣೆಗೆ ಬಂದೆ. ನಾನು ಬಾಯಿ ತೆರೆದೊಡನೆ ಕಚೇರಿಯಲ್ಲಿ ಯಾರೋ ಜುಟ್ಟು ಹಿಡಿದು ತಲೆಯಾಡಿಸುವ ಅಭಿನಯ ಮಾಡಿದರು. ಧಾರವಾಡದಲ್ಲಿ ಕುಳಿತು ನಾನು ನಕ್ಕದ್ದು ಯಾರನ್ನು ನೋಡಿ ಎಂಬುದು ಆಗ ಗೊತ್ತಾಯಿತು.

ಆಮೇಲೆ ‘ಅಣ್ಣಾ’ ಬಂದ. ನಮ್ಮ ನಾಡಿನಲ್ಲಿ ಅಣ್ಣನೆಂದರೆ ಮನೆಯ ಹಿರಿಯ ಮಗ. ಮರಾಠಿಯಲ್ಲಿಯೂ ಗೌರವದ ಮಾತೇ. ಹಿಂದೀ ಸಿನಿಮಾದಲ್ಲಿ ಅದು ದಕ್ಷಿಣದ ಗೂಂಡಾನ ಬಿರುದಾಯಿತು. 1990ರ ‘ಅಗ್ನಿಪಥ್’ದಲ್ಲಿ ಎಳನೀರು ಮಾರುವ ಒಳ್ಳೆಯವನು ಕೃಷ್ಣನ್ ಅಯ್ಯರ್, ಕೊಲ್ಲುವ ಕೆಟ್ಟವನು ಅಣ್ಣಾ ಶೆಟ್ಟಿ. ಇದೇ ಪುಣೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ರುಬ್ಬಿಸಿ, ಊರಿಗೆಲ್ಲ ಇಡ್ಲಿ ಉಣಿಸಿದ ಶೆಟ್ಟರು ಎಷ್ಟು ಮಂದಿ! ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯ ಜಗನ್ನಾಥ ಶೆಟ್ಟಿಯವರು 2023ರಲ್ಲಿ ತೀರಿಕೊಂಡಾಗ, ಮನೆಯ ಹಿರಿಯರನ್ನು ಕಳೆದುಕೊಂಡಂತೆ ಎಷ್ಟೋ ಮರಾಠೀ ಜನರು ಮರುಗಿದರು. ಆ ಶೆಟ್ಟರು ತೆರೆಯ ಮೇಲೆ ಎಂದೂ ಬರಲಿಲ್ಲ. ಪಿಸ್ತೂಲು ಹಿಡಿದ ಶೆಟ್ಟಿ ಮಾತ್ರ ಬಂದ.

2011ರಲ್ಲಿ ಇದೇ ರೋಹಿತ್ ಶೆಟ್ಟರ ‘ಸಿಂಘಂ’ ಬಂದಾಗ, ಅದರ ಒಂದು ಮಾತು ಕನ್ನಡಿಗರನ್ನು ಹೀಯಾಳಿಸುತ್ತದೆಂದು ಕರ್ನಾಟಕದಲ್ಲಿ ಗಲಾಟೆಯೆದ್ದು, ಆ ಮಾತನ್ನು ತೆಗೆದುಹಾಕಲಾಯಿತು. ತೆಗೆಸಿದ್ದು ಸರಿಯೇ. ಆದರೆ ವಿಚಾರ ಮಾಡಿ ನೋಡಿ: ಕೆಟ್ಟ ಮಾತೊಂದನ್ನು ಕತ್ತರಿಸಬಹುದು, ಕತ್ತರಿಯಿಂದ ಒಳ್ಳೆಯ ಪಾತ್ರವೊಂದನ್ನು ಹುಟ್ಟಿಸಲು ಬಾರದು.

* * *

ಹಾಗಾದರೆ ಯಾರನ್ನೂ ನೋಡಿ ಯಾರೂ ನಗಬಾರದೆ? ಹಾಗೆ ಹೇಳಿದರೆ ನಾನೇ ಮೊದಲು ತಪ್ಪಿತಸ್ಥನಾಗುವೆ. ನಗೆಯಿಲ್ಲದೆ ನೆರೆಹೊರೆ ನಡೆಯುವುದಿಲ್ಲ. ನಮ್ಮ ಕ್ಯಾಂಪನ್ನೇ ನೋಡಿ. 1817ರ ಯುದ್ಧದ ಹೊತ್ತಿಗೆ ಇಂಗ್ಲಿಷರ ದಂಡು ಬೀಡುಬಿಟ್ಟಂದಿನಿಂದ ಇದು ಬಂದವರ ಊರು. ಪಾರ್ಸಿ, ಇರಾಣಿ, ಬೋಹರಿ, ಗೋವೆಯ ಕ್ರೈಸ್ತ, ಸಿಂಧಿ, ತಮಿಳ, ತೆಲುಗ, ಮಲೆಯಾಳಿ, ನಾವು. ಒಂದೇ ಮಾರ್ಕೆಟಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಅಣಕಿಸುತ್ತಲೇ ಕಾಯಿಪಲ್ಲೆ ಕೊಂಡಿದ್ದೇವೆ. ಇಲ್ಲಿ ಅಣಕ ನೋಯಿಸುವುದಿಲ್ಲ. ಏಕೆಂದರೆ ಅಣಕಿಸುವವನ ಮನೆ ಯಾವುದು, ಅವನ ಮಗಳ ಮದುವೆ ಎಂದು ಎಂಬುದೂ ನಮಗೆ ಗೊತ್ತು.

ಹೀಗೆ ಯೋಚಿಸುತ್ತ ನನ್ನ ಮಟ್ಟಿಗೆ ಮೂರು ಪ್ರಶ್ನೆಗಳ ಒಂದು ತಕ್ಕಡಿ ಮಾಡಿಕೊಂಡೆ. ವಾಚಕರು ಒಪ್ಪಿದರೆ ಬಳಸಿ ನೋಡಬಹುದು. ನಗಿಸುವ ಪಾತ್ರಕ್ಕೆ ಒಂದು ಊರು, ಒಂದು ಮನೆ ಉಂಟೇ? ಅವನ ಮಾತು ಅರ್ಥವುಳ್ಳ ಮಾತೋ, ಬರಿಯ ಸದ್ದೋ? ನಗೆ ಎರಡೂ ಕಡೆಗೆ ಹರಿಯುತ್ತದೆಯೇ?

‘ಚೆನ್ನೈ ಎಕ್ಸ್‌ಪ್ರೆಸ್’ನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಮೊದಲನೆಯ ಪ್ರಶ್ನೆಯಲ್ಲಿ ಅದು ಸೋಲುತ್ತದೆ. ಆ ಹಳ್ಳಿ ಊರಲ್ಲ, ಜಾತ್ರೆಯ ತೊಟ್ಟಿಲು. ಅಲ್ಲಿ ಹೊಲವಿಲ್ಲ, ಶಾಲೆಯಿಲ್ಲ. ದಿನವೂ ಕುಣಿತ, ಕತ್ತಿ, ಹೂವಿನ ಮಾಲೆ. ಎರಡನೆಯದರಲ್ಲಿ ಅರ್ಧ ಗೆಲ್ಲುತ್ತದೆ. ಮೀನಮ್ಮನ ಹಿಂದಿಯನ್ನು ನಗೆಗಾಗಿ ಎಳೆದೆಳೆದು ಆಡಿಸಿದ್ದಾರೆ, ಅದು ನಿಜ. ಆದರೆ ಚಿತ್ರದ ಬಹಳಷ್ಟು ಮಾತು ತಮಿಳಿನಲ್ಲೇ ಇದೆ, ಅನುವಾದದ ಅಕ್ಷರಗಳೂ ಕೆಳಗೆ ಮೂಡುವುದಿಲ್ಲ. ಹಿಂದೀ ಒಂದನ್ನೇ ಬಲ್ಲ ಪ್ರೇಕ್ಷಕ ರಾಹುಲನಂತೆಯೇ ಕಣ್ಣು ಪಿಳಿಪಿಳಿ ಬಿಡಬೇಕು. ಪರಭಾಷೆಯ ಊರಿನಲ್ಲಿ ಮಾತು ತಿಳಿಯದೆ ನಿಲ್ಲುವುದೆಂದರೇನೆಂದು, ಊರು ಬಿಟ್ಟು ಬಂದ ನಮಗೆ ಗೊತ್ತಿರುವುದನ್ನು, ಎರಡೂವರೆ ತಾಸು ಅವರೂ ಅನುಭವಿಸಿದರು.

ಮೂರನೆಯದರಲ್ಲಿ, ನ್ಯಾಯವಾಗಿ ಹೇಳಬೇಕೆಂದರೆ, ಚಿತ್ರ ಗೆಲ್ಲುತ್ತದೆ. ಇಡೀ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ನಗೆಗೀಡಾಗುವವನು ಮುಂಬಯಿಯ ನಾಯಕನೇ. ಬುದ್ಧಿವಂತೆ ಮೀನಮ್ಮ. ರೈಲಿನಲ್ಲಿ ಆ ದಾಂಡಿಗರಿಗೆ ಅರ್ಥವಾಗದಿರಲೆಂದು ಇಬ್ಬರೂ ಹಿಂದೀ ಹಾಡುಗಳ ಧಾಟಿಯಲ್ಲಿ ಮಾತು ಹೊಸೆದು ಗುಟ್ಟು ಆಡಿಕೊಳ್ಳುವ ಸಂದರ್ಭವಂತೂ ಸೊಗಸು. ಕೊನೆಯಲ್ಲಿ ತಂದೆಯ ಮನಸ್ಸು ಕರಗುವುದೂ ಮಗಳ ಇಷ್ಟವನ್ನು ಕೇಳಿ ಎಂಬ ಮಾತಿನಿಂದಲೇ. ಆದ್ದರಿಂದ ಚಿತ್ರವನ್ನು ಪೂರಾ ಬೈಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪರದೇಶದಿಂದ ಬಂದ ಇನ್ನೊಂದು ಚಿತ್ರವನ್ನು ಮಗ 2020ರ ಬೇಸಿಗೆಯಲ್ಲಿ, ಮಹಾಮಾರಿಯಿಂದ ಎಲ್ಲರೂ ಮನೆ ಹಿಡಿದು ಕುಳಿತಾಗ, ತೋರಿಸಿದ. ಹೆಸರು ‘ದಿ ಲವ್‌ಬರ್ಡ್ಸ್’. ಚಿತ್ರಮಂದಿರಗಳೆಲ್ಲ ಮುಚ್ಚಿದ್ದರಿಂದ ಆ ಮೇ ತಿಂಗಳಲ್ಲಿ ನೇರವಾಗಿ ನೆಟ್‌ಫ್ಲಿಕ್ಸಿಗೆ ಬಂದ ಅಮೇರಿಕದ ಚಿತ್ರ. ಅದೂ ಪ್ರೇಮ, ಕೊಲೆ, ನಗೆಯೇ. ನಾಯಕ ಕರಾಚಿಯಲ್ಲಿ ಹುಟ್ಟಿದ ಕುಮೈಲ್ ನಂಜಿಯಾನಿ, ನಾಯಕಿ ಕರಿಯ ಜನಾಂಗದ ಇಸಾ ರೇ. ಸಂಸಾರ ಮುರಿಯುವ ಹಂತದಲ್ಲಿ ಜಗಳಾಡುತ್ತಿರುವ ಈ ಜೋಡಿ ಒಂದು ಕೊಲೆಯ ಗೋಜಿಗೆ ಸಿಕ್ಕಿಬೀಳುತ್ತದೆ. ಪೋಲೀಸರ ಬಳಿ ಹೋಗಲು ಅವರಿಗೆ ಹೆದರಿಕೆ. ತಮ್ಮ ಮೈಬಣ್ಣ ನೋಡಿ ತಾವೇ ಕೊಂದೆವೆನ್ನುತ್ತಾರೆಂದು. ಆ ಒಂದು ಭಯ ಬಿಟ್ಟರೆ, ಉಳಿದುದೆಲ್ಲ ಯಾವ ಗಂಡು ಹೆಣ್ಣಿನ ನಡುವೆಯೂ ಇರುವ ಜಗಳವೇ. ನನ್ನ ಹೆಂಡತಿ ನೋಡಿ, “ಅಲ್ರೀ, ಇವರು ಥೇಟ್ ನಮ್ಮಂಗನ ಜಗಳಾಡ್ತಾರ” ಎಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಒಂದು ಪಾತ್ರಕ್ಕೆ ಬೇಕೆ?

* * *

ಇನ್ನು ಆ ಎರಡನೆಯ ಕಾರಣ.

ಮೊಮ್ಮಗಳು ಲುಂಗಿ ಕೇಳುವುದಕ್ಕೆ ಒಂದು ತಿಂಗಳು ಮೊದಲು, ನವೆಂಬರಿನ ರಾಜ್ಯೋತ್ಸವಕ್ಕೆ ನಾನೊಂದು ಪ್ರಹಸನ ಬರೆದಿದ್ದೆ. ಕಳ್ಳ, ಪ್ರೇಮಿಗಳು, ಫೌಜದಾರ. ಅಂದರೆ ನನ್ನದೂ ಅದೇ ಮಸಾಲೆ. ಅದರಲ್ಲಿ ಮನೆಗೆಲಸದ ಮರಾಠೀ ‘ಬಾಯಿ’ಯೊಬ್ಬಳು ಬಂದು ಮುರುಕು ಕನ್ನಡದಲ್ಲಿ ಒಂದಕ್ಕೊಂದು ಹೇಳುತ್ತಾಳೆ. ಕೆಳಗಿನ ಮನೆಯ ತಮಿಳು ಮಾಮಾ ಮಾತೆತ್ತಿದರೆ ಎರಡು ಸಲ “ಅಯ್ಯಯ್ಯೋ” ಎನ್ನುತ್ತಾನೆ. ಮಂಗಳೂರಿನ ಗುಮಾಸ್ತನ ರಾಗಕ್ಕೂ ಒಂದು ಪಾಲು ನಗೆ. ಸಭೆ ಚಪ್ಪಾಳೆಯಿಂದ ಗದಗುಟ್ಟಿತು. ನನ್ನ ಎದೆ ಉಬ್ಬಿತು.

ನಮ್ಮ ಪಕ್ಕದ ಮನೆಯ ಮರಾಠೀ ತಾಯಿಯೊಬ್ಬರನ್ನು ನಾವೇ ಕರೆದುಕೊಂಡು ಹೋಗಿದ್ದೆವು. ನನ್ನ ಮಗ ಹುಟ್ಟಿದಾಗ ಬಾಣಂತನಕ್ಕೆ ಊರಿನಿಂದ ಯಾರೂ ಬರಲಾರದ ಹೊತ್ತಿನಲ್ಲಿ ಮಗುವಿಗೆ ಎಣ್ಣೆ ಹಚ್ಚಿ ಎರೆದವರು ಅವರು. ಮುಗಿದ ಮೇಲೆ, “ನಾಟಕ ಛಾನ ಝಾಲಂ” ಎಂದರು. ಚೆನ್ನಾಗಿತ್ತು ಎಂದೇ ಹೇಳಿದರು. ಆಮೇಲೆ ರಿಕ್ಷಾದಲ್ಲಿ ಮೆಲ್ಲಗೆ ಕೇಳಿದರು: ಆ ಬಾಯಿಯ ಮನೆ ಎಲ್ಲಿ ಎನ್ನುವುದು ತನಗೆ ತಿಳಿಯಲಿಲ್ಲವಲ್ಲ, ಭಾಷೆ ಬಾರದ್ದರಿಂದ ಬಿಟ್ಟುಹೋಯಿತೇನೋ ಎಂದು. ಬಿಟ್ಟುಹೋದದ್ದು ಅವರ ಕಿವಿಯಿಂದಲ್ಲ, ನನ್ನ ಲೇಖನಿಯಿಂದ. ಆ ಬಾಯಿಗೆ ನಾನು ಮನೆಯನ್ನೇ ಕೊಟ್ಟಿರಲಿಲ್ಲ. ಹೆಸರನ್ನೂ ಕೊಟ್ಟಿರಲಿಲ್ಲ.

ಅಂದು ಅದನ್ನು ಅಷ್ಟಕ್ಕೇ ಮರೆತೆ. ತಿಂ‌ಗಳ ಮೇಲೆ ಮೊಮ್ಮಗಳು “ನಾವು ಮದ್ರಾಸಿಗಳೇನು” ಎಂದಾಗ ಮತ್ತೆ ನೆನಪಾಯಿತು. ನಮ್ಮ ಮಗುವಿಗೆ ಊರು ಕೊಡದವರ ಮೇಲೆ ಸಿಟ್ಟಾಗುವ ಹಕ್ಕು, ಇನ್ನೊಬ್ಬರಿಗೆ ಊರು ಕೊಡದ ನನಗೆ ಎಲ್ಲಿಂದ ಬರಬೇಕು?

ಕನ್ನಡ ಚಿತ್ರಗಳೂ ಈ ವಿಷಯದಲ್ಲಿ ಹಾಲಿನಲ್ಲಿ ತೊಳೆದವಲ್ಲ. ಬಡ್ಡಿಯ ಸೇಠು, ಚಹಾದಂಗಡಿಯ ಮಲೆಯಾಳಿ, ಇವರನ್ನು ನಾವು ಎಷ್ಟು ಸಲ ನೋಡಿ ನಕ್ಕಿಲ್ಲ! ಅದೂ ಹೋಗಲಿ, ನಮ್ಮದೇ ಧಾರವಾಡದ ಮಾತು, ಮಂಗಳೂರಿನ ಮಾತು ಎಂದರೆ ಬಹುಕಾಲ ನಾಯಕನ ಹಿಂದೆ ನಿಂತು ನಗಿಸುವವನ ಬಾಯಿಗೇ ಮೀಸಲು. ಪ್ರೇಮ ಮಾಡಲು ಮೈಸೂರು ಸೀಮೆಯ ಕನ್ನಡವೇ ಬೇಕು. ಅದು ಈಚೆಗೆ ಬದಲಾಗುತ್ತಿದೆ. 2014ರ ‘ಉಳಿದವರು ಕಂಡಂತೆ’ಯಲ್ಲಿ ಮಲ್ಪೆಯ ಕಡಲ ದಂಡೆಯ ಕನ್ನಡ ಕೊಲೆಯ ಕಥೆಯನ್ನು ಹೊತ್ತು ನಡೆಯಿತು. 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ರಾಜ್ ಬಿ. ಶೆಟ್ಟರು ಕೂದಲುದುರಿದ ಕನ್ನಡ ಉಪನ್ಯಾಸಕನಾಗಿ, ಮಂಗಳೂರು ಕನ್ನಡದಲ್ಲಿಯೇ ಹೆಣ್ಣು ಹುಡುಕಿ, ಸೋತು, ಗೆದ್ದರು. ನಗೆ ಅಲ್ಲಿಯೂ ಬೇಕಾದಷ್ಟಿದೆ. ಆದರೆ ಅವನಿಗೆ ಮನೆಯಿದೆ, ಕೆಲಸವಿದೆ, ಕನ್ನಡಿಯ ಮುಂದೆ ನಿಂತಾಗ ನೋವಿದೆ.

* * *

ಗ್ಯಾದರಿಂಗಿನ ಕಥೆ ಏನಾಯಿತೆಂದು ಕೇಳುವಿರಿ. ಸೊಸೆ ಮರುದಿನ ಶಾಲೆಗೆ ಹೋದಳು. ಜಗಳಕ್ಕಲ್ಲ. ಆ ಟೀಚರಮ್ಮ ಒಳ್ಳೆಯ ಹೆಣ್ಣುಮಗಳೇ. ಮಗುವನ್ನು ಮುಂದೆ ನಿಲ್ಲಿಸಿದ್ದೂ ಪ್ರೀತಿಯಿಂದಲೇ. ಕುಣಿತಕ್ಕೆ ಮೊದಲು ನಮ್ಮ ಹುಡುಗಿ ಎರಡು ಮಾತು ಹೇಳಲಿ ಎಂದು ಸೊಸೆ ಕೇಳಿಕೊಂಡಳು, ಅವರು ಸಂತೋಷದಿಂದ ಒಪ್ಪಿದರು. ಆ ಎರಡು ಮಾತನ್ನು ನಾನೂ ಮೊಮ್ಮಗಳೂ ಕೂಡಿ ಮರಾಠಿಯಲ್ಲಿ ಬರೆದೆವು.

ಅಜ್ಜನ ಲುಂಗಿಯನ್ನು ನಾಲ್ಕು ಮಡಿಕೆ ಮಾಡಿ ಉಟ್ಟು ಅವಳು ರಂಗದ ಮೇಲೆ ನಿಂತಳು. “ಈ ಹಾಡು ರಜನೀಕಾಂತ್ ಅವರಿಗಾಗಿ. ಅವರ ಮನೆಮಾತು ನಿಮ್ಮ ಹಾಗೆ ಮರಾಠಿ. ಅವರು ಹುಟ್ಟಿದ್ದು ನನ್ನ ಕರ್ನಾಟಕದಲ್ಲಿ. ಹೆಸರು ಮಾಡಿದ್ದು ತಮಿಳಿನಲ್ಲಿ. ನನ್ನ ಊರು ಧಾರವಾಡ, ಪುಣೆಯಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬರುತ್ತದೆ. ನಮ್ಮ ಮನೆಯಲ್ಲಿ ಲುಂಗಿ ಉಡುವವರು ಅಜ್ಜ ಒಬ್ಬರೇ, ಅದೂ ರವಿವಾರ” ಎಂದಳು. ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಹುಡುಗಿ ಕುಣಿದಳು, ಚೆನ್ನಾಗಿಯೇ ಕುಣಿದಳು. ಅಂದಿನಿಂದ ಆ ಶಾಲೆಯಲ್ಲಿ ಅವಳನ್ನು ಯಾರೂ ಮದ್ರಾಸಿ ಎನ್ನಲಿಲ್ಲ. ‘ಧಾರವಾಡ ಪೇಢಾ’ ಎಂದರು. ಅದಕ್ಕೆ ಅವಳ ಆಕ್ಷೇಪಣೆ ಇರಲಿಲ್ಲ.

2022ರಲ್ಲಿ ‘ಕಾಂತಾರ’ ಬಂದಾಗ ಅವಳು ಕಾಲೇಜು ಸೇರಿದ್ದಳು. ಮರಾಠೀ ಗೆಳತಿಯರು ಮೂವರನ್ನು ಕಟ್ಟಿಕೊಂಡು ಕನ್ನಡದಲ್ಲಿಯೇ ಆ ಚಿತ್ರ ನೋಡಲು ಹೋದಳು. ಮಧ್ಯಂತರದಲ್ಲಿ ನನಗೆ ಫೋನು: “ಅಜ್ಜಾ, ಇವರು ಅರ್ಥ ಕೇಳ್ಯಾರ, ನನಗೂ ಪೂರಾ ತಿಳಿವಲ್ತು. ಇದು ನಮ್ಮ ಕನ್ನಡ ಅಲ್ಲಲ್ಲ?” “ಅದೂ ನಮ್ಮದ ಅವ್ವಾ, ಕರಾವಳಿ ಕಡೇದು. ತಿಳಿದಷ್ಟು ಹೇಳು, ತಿಳಿಲಾರದ್ದು ಮನಿಗೆ ಬಂದು ಕೇಳು” ಎಂದೆ. ಮೂವರೂ ಗೆಳತಿಯರು ಅವಳೊಡನೆ ಮನೆಗೆ ಬಂದರು. ರಾತ್ರಿ ಹತ್ತರ ತನಕ ಕುಳಿತು ಕೋಲ, ಭೂತ, ಕಂಬಳ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಧಾರವಾಡದವನಾದ ನನಗೂ ಅರ್ಧ ಉತ್ತರ ಗೊತ್ತಿರಲಿಲ್ಲ. ಕುಂದಾಪುರದ ಮಿತ್ರರೊಬ್ಬರಿಗೆ ಫೋನು ಮಾಡಿ ಕೇಳಿ ಹೇಳಬೇಕಾಯಿತು.

ಪ್ರಿಯ ವಾಚಕರೇ, ತೆರೆಯ ಹಿಂದೆ ಇಷ್ಟು ಜನ ಇರುವ ನಾವು ತೆರೆಯ ಮೇಲೆ ಏಕಿಲ್ಲ ಎಂದು ಮುಂಬಯಿಯವರನ್ನು ಕೇಳೋಣ, ಕೇಳಲೇಬೇಕು. ಅದರ ಜೊತೆಗೆ ನಮ್ಮ ಮಕ್ಕಳಿಗೆ ತಮ್ಮ ಊರಿನ ಹೆಸರನ್ನು ನಗುನಗುತ್ತ, ಸ್ಪಷ್ಟವಾಗಿ ಹೇಳಲು ಕಲಿಸೋಣ. ಪಕ್ಕದವರ ಊರಿನ ಹೆಸರನ್ನು ಕೇಳಿ ತಿಳಿಯಲೂ ಕಲಿಸೋಣ.

ಬರುವ ರಾಜ್ಯೋತ್ಸವದ ಪ್ರಹಸನವನ್ನು ಈ ಸಲವೂ ನನಗೇ ಒಪ್ಪಿಸಿದ್ದಾರೆ. ಕಳ್ಳ, ಪ್ರೇಮಿಗಳು, ಫೌಜದಾರ ಎಲ್ಲರೂ ಮತ್ತೆ ಬರುತ್ತಾರೆ. ಬಾಯಿಯೂ ಬರುತ್ತಾಳೆ. ಈ ಸಲ ಅವಳಿಗೆ ಸುಮನತಾಯಿ ಎಂಬ ಹೆಸರಿದೆ, ಭೋರದಲ್ಲಿ ಮನೆಯಿದೆ, ಓದುವ ಮಗನಿದ್ದಾನೆ. ನಮ್ಮ ಮುರುಕು ಮರಾಠಿಯನ್ನು ಕೇಳಿ ನಗುವವಳೂ ಅವಳೇ, ಕೊನೆಗೆ ಕಳ್ಳನನ್ನು ಹಿಡಿದುಕೊಡುವವಳೂ ಅವಳೇ. ಪಕ್ಕದ ಮನೆಯ ತಾಯಿಗೆ ಈಗ ಎಂಬತ್ತು ದಾಟಿದೆ. ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಹಾಕಿಸಬೇಕೆಂದು ಕಾರ್ಯದರ್ಶಿಗಳಿಗೆ ಈಗಲೇ ಹೇಳಿಟ್ಟಿದ್ದೇನೆ.